ವಾಯು ಸಂಚಾರ ನಿಯಂತ್ರಣದ ವಾಣಿಜ್ಯೀಕರಣ: ಮಲೆನಾಡಿನ ವರ್ತಕರು ಅರಿಯಬೇಕಾದ ಲೆಕ್ಕಾಚಾರ

ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದ ಮೇಲೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವರ್ತಕರಿಗೆ ವಿಮಾನಯಾನವೆಂಬುದು ಮಹಾನಗರಗಳವರ ವಿಷಯವಾಗಿ ಉಳಿದಿಲ್ಲ. ಅದಕ್ಕೂ ಮೊದಲು ಹರಿಹರಪುರದ ವರ್ತಕರೊಬ್ಬರು ವಿಮಾನ ಹತ್ತಬೇಕಾದರೆ ಘಟ್ಟ ಇಳಿದು ಮಂಗಳೂರಿಗೆ ಹೋಗಬೇಕಾಗಿತ್ತು, ಇಲ್ಲವೇ ರಾತ್ರಿ ಬಸ್ಸಿನಲ್ಲಿ ಬೆಂಗಳೂರು ಸೇರಬೇಕಾಗಿತ್ತು. ನಮ್ಮ ಅಡಿಕೆ, ಕಾಳುಮೆಣಸು, ಕಾಫಿ ಮೂಟೆಗಳು ಇಂದಿಗೂ ಲಾರಿಯಲ್ಲಿಯೇ ಸಾಗುತ್ತವೆ, ಮುಂದೆಯೂ ಹಾಗೆಯೇ ಸಾಗುತ್ತವೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳೋಣ. ವಿಮಾನದಲ್ಲಿ ಸಾಗುವುದು ಸರಕಲ್ಲ, ಸರಕಿನ ಮಾತುಕತೆ. ಖರೀದಿದಾರ, ಗುಣಪರೀಕ್ಷಕ, ಯಂತ್ರ ದುರಸ್ತಿಗೆ ಬರುವ ತಂತ್ರಜ್ಞ, ತುರ್ತು ಬಿಡಿಭಾಗ, ಮಾದರಿಯ ಪೊಟ್ಟಣ ಇವೇ ಆ ಮಾರ್ಗದಲ್ಲಿ ಬರತಕ್ಕವು. ಇವುಗಳ ಜೊತೆಗೆ ಶೃಂಗೇರಿ, ಹರಿಹರಪುರಗಳ ಮಠಗಳಿಗೆ ದೂರದಿಂದ ಬರುವ ಯಾತ್ರಿಕರೂ, ಅವರನ್ನು ನೆಚ್ಚಿಕೊಂಡಿರುವ ವಸತಿಗೃಹ ಹಾಗೂ ಬಾಡಿಗೆ ವಾಹನಗಳ ಉದ್ಯಮವೂ ಇದೆ.

ಮಳೆಗಾಲದಲ್ಲಿ ಗೋಚರತೆ ಸಾಲದೆ ಸೋಗಾನೆಯಲ್ಲಿ ಇಳಿಯಲಾಗದೆ ವಿಮಾನ ಹಿಂದಿರುಗಿತೆಂಬ ಸುದ್ದಿಯನ್ನು ಓದುಗರು ದಿನಪತ್ರಿಕೆಗಳಲ್ಲಿ ಕಂಡಿರುತ್ತಾರೆ. ಅಂತಹ ಸಂದರ್ಭದಲ್ಲಿ ನಾವು ಮಳೆಯನ್ನು ದೂರುತ್ತೇವೆ, ಇಲ್ಲವೇ ವಿಮಾನ ಸಂಸ್ಥೆಯನ್ನು ದೂರುತ್ತೇವೆ. ಆದರೆ ಮಳೆಯಲ್ಲಿಯೂ ವಿಮಾನ ಇಳಿಯಬಲ್ಲುದೇ ಇಲ್ಲವೇ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೆಲದ ಮೇಲಿನ ಮಾರ್ಗದರ್ಶಕ ಉಪಕರಣಗಳು ಮತ್ತು ಗೋಪುರದಲ್ಲಿ ಕುಳಿತ ನಿಯಂತ್ರಣಾಧಿಕಾರಿಗಳು. ಅವುಗಳ ವೆಚ್ಚ ಯಾರದು, ಅದನ್ನು ಯಾವ ಸೂತ್ರದಂತೆ ವಸೂಲು ಮಾಡಲಾಗುತ್ತದೆ, ಆ ಸೇವೆಯನ್ನು ವ್ಯಾಪಾರಿ ತತ್ತ್ವದ ಮೇಲೆ ನಡೆಸಿದರೆ ಸಣ್ಣ ಊರುಗಳ ಗತಿಯೇನು ಎಂಬ ಪ್ರಶ್ನೆಗಳನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಸೇವೆಯ ಸ್ವರೂಪ

ಏರ್ ಟ್ರಾಫಿಕ್ ಕಂಟ್ರೋಲ್ ಎಂದು ರೂಢಿಯಲ್ಲಿ ಕರೆಯುವ ವಾಯು ಸಂಚಾರ ನಿಯಂತ್ರಣವು ವಿಮಾನಗಳ ನಡುವೆ ಸುರಕ್ಷಿತ ಅಂತರವನ್ನು ಕಾಯ್ದುಕೊಳ್ಳುವ ಕೆಲಸ. ರೇಡಾರ್, ರೇಡಿಯೋ ಸಂಪರ್ಕ, ಇಳಿಯುವ ದಾರಿಯನ್ನು ತೋರಿಸುವ ಸಂಕೇತ ಕೇಂದ್ರಗಳು, ಹವಾಮಾನ ಮಾಹಿತಿಯ ರವಾನೆ ಇವೆಲ್ಲ ಸೇರಿದರೆ ವಾಯುಮಾರ್ಗದರ್ಶನ ಸೇವೆ ಎನಿಸುತ್ತದೆ. ಮಂಡಿಯ ವ್ಯವಹಾರ ಬಲ್ಲವರಿಗೆ ಇದನ್ನು ಎಪಿಎಂಸಿ ಪ್ರಾಂಗಣದ ತೂಕದವರ ಕೆಲಸಕ್ಕೆ ಹೋಲಿಸಿ ಹೇಳಬಹುದು. ಕೊಳ್ಳುವವನೂ ಮಾರುವವನೂ ಪ್ರತಿಸ್ಪರ್ಧಿಗಳಾಗಿರಬಹುದು. ತೂಗುವವನು ಮಾತ್ರ ಇಬ್ಬರಿಗೂ ಸಮನಾಗಿರಬೇಕು. ಒಂದೇ ಪ್ರಾಂಗಣದಲ್ಲಿ ಪರಸ್ಪರ ಪೈಪೋಟಿ ನಡೆಸುವ ಎರಡು ತಕ್ಕಡಿಗಳಿಗೆ ಅರ್ಥವಿಲ್ಲ. ಒಂದು ಆಕಾಶಕ್ಕೂ ಒಂದೇ ನಿಯಂತ್ರಕ. ಆದ್ದರಿಂದ ಇದು ಸಹಜ ಏಕಸ್ವಾಮ್ಯದ ಸೇವೆ. ಗ್ರಾಹಕನಿಗೆ ಬೇರೆ ಅಂಗಡಿಗೆ ಹೋಗುವ ಅವಕಾಶವಿಲ್ಲ.

1944ರ ಷಿಕಾಗೋ ಒಡಂಬಡಿಕೆಯ ಪ್ರಕಾರ ತನ್ನ ನೆಲದ ಮೇಲಿನ ಆಕಾಶದಲ್ಲಿ ಈ ಸೇವೆಯನ್ನು ಒದಗಿಸುವ ಹೊಣೆ ಆಯಾ ರಾಷ್ಟ್ರದ್ದು. ಶುಲ್ಕ ವಿಧಿಸುವಲ್ಲಿ ಸ್ವದೇಶಿ, ಪರದೇಶಿ ಎಂಬ ಭೇದ ಮಾಡಬಾರದೆಂಬ ನಿಯಮವೂ ಅದರಲ್ಲಿದೆ. ಹೊಣೆ ರಾಷ್ಟ್ರದ್ದಾದರೂ ಕೆಲಸವನ್ನು ಸರ್ಕಾರಿ ಇಲಾಖೆಯೇ ಮಾಡಬೇಕೆಂದಿಲ್ಲ. ವಾಣಿಜ್ಯೀಕರಣದ ಚರ್ಚೆ ಹುಟ್ಟುವುದು ಇಲ್ಲಿ.

ವಾಣಿಜ್ಯೀಕರಣ ಮತ್ತು ಖಾಸಗೀಕರಣಗಳನ್ನು ಒಂದೇ ಎಂದು ತಿಳಿಯುವ ರೂಢಿ ನಮ್ಮಲ್ಲಿದೆ, ಅದು ಸರಿಯಲ್ಲ. ಸೇವೆಯನ್ನು ಸರ್ಕಾರದ ಆಯವ್ಯಯದಿಂದ ಹೊರತೆಗೆದು, ಬಳಕೆದಾರರ ಶುಲ್ಕದಿಂದಲೇ ವೆಚ್ಚವನ್ನು ಸರಿದೂಗಿಸಿಕೊಂಡು, ತನ್ನದೇ ಲೆಕ್ಕಪತ್ರ, ತನ್ನದೇ ಸಾಲಸೋಲಗಳೊಡನೆ ನಡೆಯುವಂತೆ ಮಾಡುವುದು ವಾಣಿಜ್ಯೀಕರಣ. ಒಡೆತನ ಆಗಲೂ ಸರ್ಕಾರದ್ದೇ ಆಗಿರಬಹುದು. ಒಡೆತನವೇ ಕೈಬದಲಾದರೆ ಅದು ಖಾಸಗೀಕರಣ. ಜಗತ್ತಿನಲ್ಲಿ ಮೊದಲನೆಯದು ಹೇರಳ, ಎರಡನೆಯದು ವಿರಳ.

ಶುಲ್ಕದ ಸೂತ್ರ

ವ್ಯಾಪಾರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ದರ. ಆದ್ದರಿಂದ ಇಲ್ಲಿ ತುಸು ನಿಧಾನಿಸೋಣ.

ಯುರೋಪಿನ ರಾಷ್ಟ್ರಗಳ ಪರವಾಗಿ ಶುಲ್ಕ ಸಂಗ್ರಹಿಸುವ ಯುರೋಕಂಟ್ರೋಲ್ ಸಂಸ್ಥೆಯ ಸೂತ್ರ ಹೀಗಿದೆ. ಹಾರಿದ ದೂರವನ್ನು ಕಿಲೋಮೀಟರುಗಳಲ್ಲಿ ತೆಗೆದುಕೊಂಡು 100ರಿಂದ ಭಾಗಿಸಬೇಕು. ವಿಮಾನದ ಗರಿಷ್ಠ ತೂಕವನ್ನು ಟನ್ನುಗಳಲ್ಲಿ ತೆಗೆದುಕೊಂಡು 50ರಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲ ಹಿಡಿಯಬೇಕು. ಈ ಎರಡನ್ನೂ ಗುಣಿಸಿ, ಆಯಾ ದೇಶದ ಮೂಲದರದಿಂದ ಮತ್ತೆ ಗುಣಿಸಿದರೆ ಶುಲ್ಕ ದೊರೆಯುತ್ತದೆ. ನಮ್ಮ ದೇಶದ ವಾಯುಮಾರ್ಗ ಶುಲ್ಕಕ್ಕೂ ದೂರ ಮತ್ತು ತೂಕಗಳೇ ಆಧಾರ. ಇದಲ್ಲದೆ ನಿಲ್ದಾಣದ ಸುತ್ತಲಿನ ನಿಯಂತ್ರಣ ಸೇವೆಗಾಗಿ ಇಳಿಯುವಾಗ ತೆರುವ ಪ್ರತ್ಯೇಕ ಶುಲ್ಕವೊಂದಿದೆ.

ವರ್ಗಮೂಲ ಏಕೆ? ನಿಯಂತ್ರಣಾಧಿಕಾರಿಗೆ ದೊಡ್ಡ ವಿಮಾನವೂ ಒಂದು ಚುಕ್ಕೆ, ಚಿಕ್ಕದೂ ಒಂದು ಚುಕ್ಕೆ. ಶ್ರಮ ಹೆಚ್ಚುಕಡಿಮೆ ಒಂದೇ. ಆದರೆ ಎಲ್ಲರಿಗೂ ಒಂದೇ ಶುಲ್ಕ ಹಾಕಿದರೆ ಚಿಕ್ಕ ವಿಮಾನ ಬದುಕುವುದಿಲ್ಲ. ತೂಕಕ್ಕೆ ಸರಿಯಾಗಿ ಹಾಕಿದರೆ ದೊಡ್ಡದಕ್ಕೆ ಅನ್ಯಾಯ. ವರ್ಗಮೂಲವು ಇವೆರಡರ ನಡುವಣ ರಾಜಿ. ಈ ರಾಜಿ ಯಾರ ಕಡೆಗೆ ವಾಲುತ್ತದೆ ಎಂಬುದನ್ನು ಕಾಗದ, ಪೆನ್ಸಿಲ್ ಹಿಡಿದು ನೋಡಬಹುದು. ಸಣ್ಣ ಊರುಗಳಿಗೆ ಹಾರುವ ಎಟಿಆರ್ 72 ವಿಮಾನದ ಗರಿಷ್ಠ ತೂಕ ಸುಮಾರು 23 ಟನ್, ಆಸನಗಳು 78. ಮಹಾನಗರಗಳ ನಡುವೆ ಹಾರುವ ಏರ್‌ಬಸ್ ಎ320ರ ತೂಕ ಸುಮಾರು 78 ಟನ್, ಆಸನಗಳು 180. ಸೂತ್ರದಂತೆ ಮೊದಲನೆಯದರ ತೂಕಾಂಶ 0.68, ಎರಡನೆಯದರದು 1.25. ಅಂದರೆ ಏರ್‌ಬಸ್ ಮೂರು ಪಟ್ಟಿಗಿಂತ ಹೆಚ್ಚು ಭಾರವಿದ್ದರೂ ತೆರುವುದು ಎರಡು ಪಟ್ಟಿಗೂ ಕಡಿಮೆ. ಇದನ್ನು ಆಸನಗಳ ಮೇಲೆ ಹಂಚಿದರೆ ಎಟಿಆರ್‌ನ ಪ್ರತಿ ಆಸನದ ಮೇಲೆ ಬೀಳುವ ಭಾರ ಏರ್‌ಬಸ್ಸಿನದಕ್ಕಿಂತ ಸುಮಾರು ಶೇಕಡಾ 25ರಷ್ಟು ಅಧಿಕ. ನೋಡಲು ಸಮನೆನಿಸುವ ಸೂತ್ರವೂ ಸಣ್ಣ ವಿಮಾನದ, ಅರ್ಥಾತ್ ಸಣ್ಣ ಊರಿನ, ಪ್ರಯಾಣಿಕನಿಗೆ ತುಸು ದುಬಾರಿಯೇ. ವಿಮಾನ ಸಂಸ್ಥೆಗಳ ವೆಚ್ಚದಲ್ಲಿ ಇಂಧನದ ಮುಂದೆ ಈ ಬಾಬ್ತು ಚಿಕ್ಕದು, ನಿಜ. ಆದರೆ ಲಾಭದ ಅಂಚು ತೆಳುವಾಗಿರುವ ಮಾರ್ಗಗಳಲ್ಲಿ ಚಿಕ್ಕ ಬಾಬ್ತೇ ಸೇವೆಯನ್ನು ಉಳಿಸುವುದು, ಇಲ್ಲವೇ ಮುಳುಗಿಸುವುದು.

ಈ ಓರೆಯನ್ನು ಸರಿಪಡಿಸಲು ನಮ್ಮ ಸರ್ಕಾರ ವಿನಾಯಿತಿಗಳ ಮಾರ್ಗ ಹಿಡಿದಿದೆ. 80ಕ್ಕಿಂತ ಕಡಿಮೆ ಆಸನಗಳ ದೇಶೀಯ ವಿಮಾನಗಳಿಗೆ ಇಳಿಯುವ ಶುಲ್ಕದ ವಿನಾಯಿತಿ ದೊರೆಯಿತು. ಎಟಿಆರ್‌ನಲ್ಲಿ 78 ಆಸನಗಳಿರುವುದರಿಂದ ಅದು ಈ ಮಿತಿಯೊಳಗೇ ಬರುತ್ತದೆ. 2016ರಲ್ಲಿ ಪ್ರಕಟವಾದ ಉಡಾನ್ ಯೋಜನೆಯ ಮಾರ್ಗಗಳಿಗೆ ನಿಲ್ದಾಣದ ಸುತ್ತಲಿನ ನಿಯಂತ್ರಣ ಶುಲ್ಕವನ್ನು ಪೂರ್ಣ ಕೈಬಿಟ್ಟು, ವಾಯುಮಾರ್ಗ ಶುಲ್ಕವನ್ನು ಸಾಮಾನ್ಯ ದರದ ಶೇಕಡಾ 42.5ಕ್ಕೆ ಇಳಿಸಲಾಯಿತು. 2023ರ ನವೆಂಬರಿನಲ್ಲಿ ಸ್ಟಾರ್ ಏರ್ ಸಂಸ್ಥೆ ಶಿವಮೊಗ್ಗದಿಂದ ಹೈದರಾಬಾದ್, ತಿರುಪತಿ ಹಾಗೂ ಗೋವಾಗಳಿಗೆ ಸೇವೆ ಆರಂಭಿಸಿದ್ದು ಇದೇ ಯೋಜನೆಯಡಿ. ಆದರೆ ಯೋಜನೆಯ ಧನಸಹಾಯ ಒಂದು ಮಾರ್ಗಕ್ಕೆ ಮೂರು ವರ್ಷಗಳಿಗೆ ಸೀಮಿತ. ಆಮೇಲೆ ಮಾರ್ಗವು ತನ್ನ ಕಾಲ ಮೇಲೆ ನಿಲ್ಲಬೇಕು.

ಹೊರದೇಶಗಳ ಅನುಭವ

ನ್ಯೂಜಿಲೆಂಡ್ 1987ರಲ್ಲಿ ಏರ್‌ವೇಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಉದ್ಯಮವನ್ನು ಸ್ಥಾಪಿಸಿ ಈ ದಾರಿಯಲ್ಲಿ ಮೊದಲ ಹೆಜ್ಜೆಯಿಟ್ಟಿತು. ಜರ್ಮನಿ 1993ರಲ್ಲಿ, ಆಸ್ಟ್ರೇಲಿಯಾ 1995ರಲ್ಲಿ ತಮ್ಮ ತಮ್ಮ ಸಂಸ್ಥೆಗಳನ್ನು ಕಟ್ಟಿದವು. ಜರ್ಮನಿಯು ಮುಂದುವರಿದು ಷೇರುಗಳನ್ನು ಮಾರಲು ಹೊರಟಾಗ, 2006ರಲ್ಲಿ ಅಧ್ಯಕ್ಷ ಹಾರ್ಸ್ಟ್ ಕೋಲರ್ ಅವರು ಅದು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಮಸೂದೆಗೆ ಸಹಿ ಹಾಕಲು ನಿರಾಕರಿಸಿದರು. ಅಮೆರಿಕದಲ್ಲಿ 2017ರಲ್ಲಿ ಇಂತಹದೇ ಪ್ರಸ್ತಾಪ ಬಂದು ಕಾಂಗ್ರೆಸ್ಸಿನಲ್ಲಿ ಬಿದ್ದುಹೋಯಿತು. ಮಾರುಕಟ್ಟೆಯ ತವರೆನಿಸಿದ ರಾಷ್ಟ್ರದಲ್ಲಿ ವಾಯು ಸಂಚಾರ ನಿಯಂತ್ರಣವು ಇಂದಿಗೂ ಬಹುಮಟ್ಟಿಗೆ ಸರ್ಕಾರದ ಕೈಯಲ್ಲಿಯೇ ಇದೆ ಎಂಬುದು ನಮ್ಮಲ್ಲಿ ಅನೇಕರಿಗೆ ಸೋಜಿಗವೆನಿಸಬಹುದು.

ಬ್ರಿಟನ್ ಮತ್ತು ಕೆನಡಾಗಳ ಉದಾಹರಣೆಗಳು ಹೆಚ್ಚು ಬೋಧಪ್ರದ. ಬ್ರಿಟನ್ 2001ರ ಜುಲೈನಲ್ಲಿ ನ್ಯಾಟ್ಸ್ ಸಂಸ್ಥೆಯ ಶೇಕಡಾ 46 ಪಾಲನ್ನು ಏಳು ವಿಮಾನ ಸಂಸ್ಥೆಗಳ ಕೂಟಕ್ಕೆ ಮಾರಿತು. ಶೇಕಡಾ 49 ಸರ್ಕಾರದಲ್ಲಿ, ಶೇಕಡಾ 5 ನೌಕರರಲ್ಲಿ ಉಳಿಯಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಸೆಪ್ಟೆಂಬರ್ 11ರ ದಾಳಿ ನಡೆದು ಅಟ್ಲಾಂಟಿಕ್ ಮಾರ್ಗದ ಸಂಚಾರ ಕುಸಿಯಿತು. ಸಾಲದ ಭಾರ ಹೊತ್ತಿದ್ದ ಸಂಸ್ಥೆ ತತ್ತರಿಸಿತು. 2003ರಲ್ಲಿ ಸರ್ಕಾರವೇ 6.5 ಕೋಟಿ ಪೌಂಡ್ ಹಾಕಿ, ಲಂಡನ್ ನಿಲ್ದಾಣಗಳ ಒಡೆಯನಾಗಿದ್ದ ಬಿಎಎ ಕಂಪನಿ ಅಷ್ಟೇ ಮೊತ್ತ ಹಾಕಿ ಅದನ್ನು ಮೇಲೆತ್ತಬೇಕಾಯಿತು. ಸಾಲ ಮಾಡಿ ಕೊಂಡ ಅಂಗಡಿಯಲ್ಲಿ ಮೊದಲ ಹಂಗಾಮೇ ಕೈಕೊಟ್ಟರೆ ಏನಾಗುವುದೆಂದು ನಮ್ಮ ವರ್ತಕರಿಗೆ ವಿವರಿಸಬೇಕಾಗಿಲ್ಲ.

ಕೆನಡಾದ ದಾರಿಯೇ ಬೇರೆ. 1996ರ ನವೆಂಬರ್ 1ರಂದು ನ್ಯಾವ್ ಕೆನಡಾ ಎಂಬ ಲಾಭರಹಿತ, ಷೇರುರಹಿತ ಸಂಸ್ಥೆಯು ಸರ್ಕಾರಕ್ಕೆ 150 ಕೋಟಿ ಕೆನಡಾ ಡಾಲರ್ ಕೊಟ್ಟು ಇಡೀ ವ್ಯವಸ್ಥೆಯನ್ನು ಕೊಂಡಿತು. ಆಡಳಿತ ಮಂಡಳಿಯಲ್ಲಿ ವಿಮಾನ ಸಂಸ್ಥೆಗಳು, ಸರ್ಕಾರ, ನೌಕರ ಸಂಘಗಳು, ಸಣ್ಣ ವಿಮಾನಗಳ ಮಾಲೀಕರು ಎಲ್ಲರಿಗೂ ಸ್ಥಾನವಿದೆ. ನಮ್ಮ ಸಹಕಾರಿ ಮಾರಾಟ ಸಂಘಗಳನ್ನು ನೆನಪಿಸುವ ಈ ರಚನೆ ಬಹುಕಾಲ ಮಾದರಿಯೆನಿಸಿತ್ತು, ಈಗಲೂ ಅನೇಕರು ಹೊಗಳುತ್ತಾರೆ. ಆದರೆ ಕೋವಿಡ್ ಬಂದಾಗ ಅದರ ಇನ್ನೊಂದು ಮುಖ ಕಂಡಿತು. ಸಂಚಾರ ಇಳಿದರೂ ಗೋಪುರಗಳ ವೆಚ್ಚ ಇಳಿಯದು. ಪೂರ್ಣ ವೆಚ್ಚವನ್ನು ಬಳಕೆದಾರರಿಂದಲೇ ಪಡೆಯಬೇಕೆಂಬ ನಿಯಮದಂತೆ 2020ರ ಸೆಪ್ಟೆಂಬರ್ 1ರಿಂದ ಶುಲ್ಕವನ್ನು ಸರಾಸರಿ ಶೇಕಡಾ 29.5ರಷ್ಟು ಏರಿಸಲಾಯಿತು. ಗಿರಾಕಿ ಕಡಿಮೆಯಾದಾಗ ಬೆಲೆ ಇಳಿಸುವುದು ನಮ್ಮ ಮಾರುಕಟ್ಟೆಯ ಧರ್ಮ. ಏಕಸ್ವಾಮ್ಯದ ಧರ್ಮ ಅದಕ್ಕೆ ತದ್ವಿರುದ್ಧ. ಅಷ್ಟೇ ಅಲ್ಲದೆ ರೆಜೈನಾ, ವೈಟ್‌ಹಾರ್ಸ್, ಪ್ರಿನ್ಸ್ ಜಾರ್ಜ್ ಮೊದಲಾದ ಏಳು ಊರುಗಳ ಗೋಪುರಗಳು ಬೇಕೇ ಬೇಡವೇ ಎಂಬ ಅಧ್ಯಯನವೂ ನಡೆಯಿತು. ಆಯಾ ಊರುಗಳವರು ತೀವ್ರವಾಗಿ ಆಕ್ಷೇಪಿಸಿದರು. 2021ರ ಏಪ್ರಿಲ್‌ನಲ್ಲಿ ಗೋಪುರಗಳನ್ನು ಉಳಿಸಿಕೊಳ್ಳುವುದಾಗಿ ಸಂಸ್ಥೆ ಪ್ರಕಟಿಸಿತು. ಮಂಡಳಿಯಲ್ಲಿ ವಿಮಾನ ಸಂಸ್ಥೆಗಳಿಗೆ ಸ್ಥಾನವಿತ್ತು. ಆ ಊರುಗಳ ವರ್ತಕರಿಗೆ ಇರಲಿಲ್ಲ. ಅವರು ಹೊರಗಿನಿಂದಲೇ ಕೂಗಬೇಕಾಯಿತು.

ಸುರಕ್ಷತೆಯ ಬಗೆಗೂ ಒಂದು ಮಾತು ಅಗತ್ಯ. 2002ರ ಜುಲೈ 1ರ ರಾತ್ರಿ ಜರ್ಮನಿಯ ಯೂಬರ್ಲಿಂಗನ್ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 71 ಜನ ಮಡಿದರು. ಆ ಆಕಾಶವನ್ನು ನೋಡಿಕೊಳ್ಳುತ್ತಿದ್ದದ್ದು ಸ್ವಿಟ್ಜರ್ಲೆಂಡಿನ ಸ್ಕೈಗೈಡ್ ಎಂಬ ಸರ್ಕಾರಿ ಒಡೆತನದ ಕಂಪನಿ. ಆ ವೇಳೆ ಒಬ್ಬನೇ ನಿಯಂತ್ರಣಾಧಿಕಾರಿ ಕೆಲಸದಲ್ಲಿದ್ದ. ದುರಸ್ತಿ ಕಾರ್ಯದಿಂದಾಗಿ ರೇಡಾರ್ ವ್ಯವಸ್ಥೆಯ ಸಾಮರ್ಥ್ಯ ಕುಗ್ಗಿತ್ತು, ಮುಖ್ಯ ದೂರವಾಣಿ ಸಂಪರ್ಕವೂ ಸ್ಥಗಿತವಾಗಿತ್ತು. ಇದನ್ನು ವಾಣಿಜ್ಯೀಕರಣದ ತಲೆಗೆ ಕಟ್ಟುವುದು ಸುಲಭ. ಆದರೆ ನಮ್ಮ ಕರಾವಳಿಯ ಉದಾಹರಣೆಯನ್ನೇ ನೋಡಿ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ರನ್‌ವೇ ದಾಟಿ ಕಂದಕಕ್ಕೆ ಬಿದ್ದು 158 ಜನ ಮಡಿದರು. ಅಸ್ಥಿರವಾಗಿದ್ದ ಇಳಿತವನ್ನು ಕ್ಯಾಪ್ಟನ್ ಕೈಬಿಡದಿದ್ದದ್ದೇ ನೇರ ಕಾರಣವೆಂದು ತನಿಖಾ ನ್ಯಾಯಾಲಯ ಹೇಳಿತು. ಮಂಗಳೂರಿನ ರೇಡಾರ್ ಮೇ 20ರಿಂದ ಕೆಟ್ಟಿದ್ದು, ಅದರಿಂದಾಗಿ ಕೆಳಗಿಳಿಯುವ ಅನುಮತಿ ಎಂದಿಗಿಂತ ಹತ್ತಿರಕ್ಕೆ ಬಂದ ಮೇಲೆ ದೊರೆತದ್ದನ್ನು ಪೂರಕ ಅಂಶವಾಗಿ ಅದೇ ವರದಿ ದಾಖಲಿಸಿದೆ. ಅಲ್ಲಿ ಸೇವೆ ಒದಗಿಸುತ್ತಿದ್ದದ್ದು ಸರ್ಕಾರಿ ಪ್ರಾಧಿಕಾರ. ಕಂಪನಿಯಾಗಲಿ ಪ್ರಾಧಿಕಾರವಾಗಲಿ, ಉಪಕರಣ ದುರಸ್ತಿಯಲ್ಲಿರುವಾಗ ಬದಲಿ ವ್ಯವಸ್ಥೆಗೆ ಹಣವನ್ನೂ ಜನರನ್ನೂ ತೆಗೆದಿರಿಸಿದೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ.

ನಮ್ಮ ರಾಜ್ಯದ ಚಿತ್ರ

ಭಾರತದಲ್ಲಿ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ ಆಕಾಶದ ಹೊಣೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಇದರ ಬಹುಭಾಗ ಸಮುದ್ರದ ಮೇಲಿನದು. 1995ರ ಏಪ್ರಿಲ್ 1ರಂದು ಎರಡು ಹಳೆಯ ಪ್ರಾಧಿಕಾರಗಳ ವಿಲೀನದಿಂದ ಹುಟ್ಟಿದ ಈ ಸಂಸ್ಥೆ ನಿಲ್ದಾಣಗಳನ್ನೂ ನಡೆಸುತ್ತದೆ, ಆಕಾಶವನ್ನೂ ಕಾಯುತ್ತದೆ. 1994ರ ಅಧಿನಿಯಮದ 22ನೇ ಪ್ರಕರಣದಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆದು ಸೇವಾ ಶುಲ್ಕಗಳನ್ನು ವಿಧಿಸುತ್ತದೆ. ಮೇಲೆ ಹೇಳಿದ ವ್ಯಾಖ್ಯೆಯಂತೆ ನಮ್ಮಲ್ಲಿ ವಾಣಿಜ್ಯೀಕರಣ ಅರ್ಧ ಆಗಿಯೇ ಇದೆ. ವಾಯುಮಾರ್ಗದರ್ಶನವನ್ನು ಪ್ರತ್ಯೇಕ ನಿಗಮವಾಗಿಸಬೇಕೆಂಬ ಪ್ರಸ್ತಾಪ ಹಲವು ಬಾರಿ ತಲೆಯೆತ್ತಿದ್ದರೂ ಜಾರಿಗೆ ಬಂದಿಲ್ಲ.

ನಿಲ್ದಾಣಗಳ ಒಡೆತನ ಮಾತ್ರ ಬಗೆಬಗೆಯದಾಗಿದೆ. 2008ರ ಮೇ 24ರಂದು ಆರಂಭವಾದ ದೇವನಹಳ್ಳಿಯ ನಿಲ್ದಾಣ ಖಾಸಗಿ ಸಹಭಾಗಿತ್ವದ್ದು. ಮಂಗಳೂರು ನಿಲ್ದಾಣ 2020ರ ಅಕ್ಟೋಬರ್ 31ರಿಂದ 50 ವರ್ಷಗಳ ಗುತ್ತಿಗೆಯ ಮೇಲೆ ಅದಾನಿ ಸಮೂಹದ ಕೈಸೇರಿತು. ಪ್ರತಿ ಪ್ರಯಾಣಿಕನಿಗೆ 115 ರೂಪಾಯಿಯಂತೆ ಪ್ರಾಧಿಕಾರಕ್ಕೆ ಸಲ್ಲಿಸುವುದು ಅದರ ಬಿಡ್ಡು. ಬೀದರ್ ವಾಯುಪಡೆಯ ನೆಲೆ. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳು ಪ್ರಾಧಿಕಾರದವೇ. ದೇವನಹಳ್ಳಿಯಲ್ಲಿಯೂ ಮಂಗಳೂರಿನಲ್ಲಿಯೂ ಕಟ್ಟಡ, ಅಂಗಡಿ, ವಾಹನ ನಿಲುಗಡೆಗಳೆಲ್ಲ ಖಾಸಗಿಯವರ ಪಾಲಾದರೂ ಗೋಪುರದ ಕೆಲಸ ಪ್ರಾಧಿಕಾರದಲ್ಲಿಯೇ ಉಳಿದಿದೆ. ಲಾಭ ತರುವ ಅಂಗಗಳನ್ನು ಬಿಟ್ಟುಕೊಟ್ಟು ಹೊಣೆಯ ಅಂಗವನ್ನು ಉಳಿಸಿಕೊಂಡದ್ದು ಸರಿಯೇ ಎಂದು ಕೇಳುವವರಿದ್ದಾರೆ. ಹೊಣೆಯ ವಿಷಯದಲ್ಲಿ ಅದು ಸರಿಯೆಂದೇ ಈ ಲೇಖಕನ ಅಭಿಪ್ರಾಯ. ಹಣದ ವಿಷಯದಲ್ಲಿ ಹಾಗೆನ್ನಲಾಗದು. ಲಾಭದ ನಿಲ್ದಾಣಗಳು ಒಂದೊಂದಾಗಿ ಹೊರಹೋದಂತೆ ಸಣ್ಣ ಊರುಗಳ ನಷ್ಟವನ್ನು ಹೊರುವ ಹೆಗಲು ಬಡವಾಗುತ್ತದೆ.

ಸೋಗಾನೆಯ ಗೋಪುರ

ಶಿವಮೊಗ್ಗದ ನಿಲ್ದಾಣ ಈ ಯಾವ ವರ್ಗಕ್ಕೂ ಸೇರದು. ರಾಜ್ಯ ಸರ್ಕಾರವೇ ಕೆಎಸ್‌ಐಐಡಿಸಿ ಮೂಲಕ ನಡೆಸುವ ರಾಜ್ಯದ ಮೊದಲ ನಿಲ್ದಾಣ ಇದು. ರಾಜ್ಯ ತಾನೇ ಗೋಪುರ ನಡೆಸುವಂತಿಲ್ಲ. ಆ ಸೇವೆ ಪ್ರಾಧಿಕಾರದಿಂದ ಒಪ್ಪಂದದ ಮೂಲಕ ಬರಬೇಕು. ದಿನಕ್ಕೆ ಕೆಲವೇ ವಿಮಾನಗಳು ಇಳಿಯುವ ಕಡೆ ಆ ವಿಮಾನಗಳ ಶುಲ್ಕದಿಂದಲೇ ಗೋಪುರದ ವೆಚ್ಚ ಹೊರಡುವುದು ಅಸಾಧ್ಯ. ಎರಡು ವಿಮಾನ ಇಳಿದರೂ ಹತ್ತು ಇಳಿದರೂ ನಿಯಂತ್ರಣಾಧಿಕಾರಿಗಳ ಪಾಳಿ ಅಷ್ಟೇ, ಉಪಕರಣಗಳ ನಿರ್ವಹಣೆ ಅಷ್ಟೇ. ಉಳಿದದ್ದನ್ನು ರಾಜ್ಯದ ಬೊಕ್ಕಸ ಭರಿಸಬೇಕು, ಇಲ್ಲವೇ ದೇಶದ ದಟ್ಟ ಮಾರ್ಗಗಳ ಆದಾಯ ಭರಿಸಬೇಕು. ಪ್ರತಿ ನಿಲ್ದಾಣವೂ ತನ್ನ ವೆಚ್ಚವನ್ನು ತಾನೇ ದುಡಿಯಲಿ ಎಂಬ ಕಟ್ಟುನಿಟ್ಟಿನ ವಾಣಿಜ್ಯ ತತ್ತ್ವ ಬಂದರೆ ರಾಜ್ಯದ ಬೊಕ್ಕಸವೊಂದೇ ಗತಿ. ಮಳೆಗಾಲದಲ್ಲಿ ದಾರಿ ತೋರುವ ಹೊಸ ಉಪಕರಣಕ್ಕೆ ಬೇಡಿಕೆ ಇಟ್ಟಾಗಲೆಲ್ಲ ಅದು ಬೇರೆ ಹತ್ತು ಬೇಡಿಕೆಗಳೊಡನೆ ಸರತಿಯಲ್ಲಿ ನಿಲ್ಲುತ್ತದೆ.

ವೆಚ್ಚವನ್ನು ತಗ್ಗಿಸುವ ತಂತ್ರಜ್ಞಾನವೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಇಸ್ರೋ ಮತ್ತು ಪ್ರಾಧಿಕಾರಗಳು ಸುಮಾರು 774 ಕೋಟಿ ರೂಪಾಯಿ ವೆಚ್ಚದಲ್ಲಿ ರೂಪಿಸಿದ ಗಗನ್ ಎಂಬ ಉಪಗ್ರಹಾಧಾರಿತ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಇದರ ನೆರವಿನಿಂದ, ನೆಲದ ಮೇಲೆ ದುಬಾರಿ ಸಂಕೇತ ಉಪಕರಣಗಳಿಲ್ಲದ ನಿಲ್ದಾಣದಲ್ಲಿಯೂ ಎತ್ತರ ಮತ್ತು ದಿಕ್ಕುಗಳ ನಿಖರ ಮಾರ್ಗದರ್ಶನ ಪಡೆದು ಇಳಿಯಬಹುದು. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋ ಸಂಸ್ಥೆಯ ಎಟಿಆರ್ 72 ವಿಮಾನ ಹೀಗೆ ಇಳಿದು ತೋರಿಸಿತು. ಮೋಡ ತೀರ ಕೆಳಗಿಳಿದ ದಿನ ಇದೂ ಸಾಲದು. ಅಲ್ಲದೆ ವಿಮಾನದಲ್ಲಿ ತಕ್ಕ ಉಪಕರಣವಿರಬೇಕು, ಆ ನಿಲ್ದಾಣಕ್ಕೆ ಇಳಿತದ ನಕ್ಷೆ ಸಿದ್ಧವಾಗಿ ಅನುಮೋದನೆ ಪಡೆದಿರಬೇಕು. ಸ್ವೀಡನ್ 2015ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಓರ್ನ್‌ಶೋಲ್ಡ್‌ವಿಕ್ ಎಂಬ ಸಣ್ಣ ನಿಲ್ದಾಣವನ್ನು ದೂರದ ಸುಂಡ್ಸ್‌ವಾಲ್‌ನಿಂದ ಕ್ಯಾಮೆರಾಗಳ ಮೂಲಕ ನಿಯಂತ್ರಿಸತೊಡಗಿತು. ಒಬ್ಬರ ಶ್ರಮವನ್ನು ಹಲವು ಸಣ್ಣ ಊರುಗಳಿಗೆ ಹಂಚುವ ಈ ಉಪಾಯ ಲೆಕ್ಕದಲ್ಲಿ ಆಕರ್ಷಕ. ಆದರೆ ಸಂಪರ್ಕ ತಂತಿಯೊಂದು ಕಡಿದರೆ ಹಲವು ಊರುಗಳು ಒಟ್ಟಿಗೆ ಕುರುಡಾಗುವ ಅಪಾಯವನ್ನು ಘಟ್ಟದ ಮಳೆ ಕಂಡವರು ಮರೆಯುವಂತಿಲ್ಲ.

ಇನ್ನು ವರ್ತಕರು ಎಲ್ಲಿ ಮಾತನಾಡಬೇಕು? 2008ರ ಅಧಿನಿಯಮದಂತೆ ರಚಿತವಾದ ವಿಮಾನ ನಿಲ್ದಾಣ ಆರ್ಥಿಕ ನಿಯಂತ್ರಣ ಪ್ರಾಧಿಕಾರವು ದೊಡ್ಡ ನಿಲ್ದಾಣಗಳ ದರ ನಿಗದಿಗೆ ಮೊದಲು ಸಮಾಲೋಚನಾ ಪತ್ರ ಪ್ರಕಟಿಸಿ ಸಂಬಂಧಪಟ್ಟವರ ಲಿಖಿತ ಅಭಿಪ್ರಾಯ ಕೇಳುತ್ತದೆ. ದೊಡ್ಡ ನಿಲ್ದಾಣವೆಂದರೆ ವರ್ಷಕ್ಕೆ 35 ಲಕ್ಷ ಪ್ರಯಾಣಿಕರ ಮಿತಿ ದಾಟಿದ್ದು ಎಂದು 2019ರಲ್ಲಿ ತಿದ್ದುಪಡಿಯಾಯಿತು. ಅದಕ್ಕೆ ಮೊದಲು ಮಿತಿ 15 ಲಕ್ಷ. ಶಿವಮೊಗ್ಗ ಆ ಮಿತಿಯ ಹತ್ತಿರಕ್ಕೂ ಬಾರದು. ಆದ್ದರಿಂದ ನಮ್ಮ ಅಹವಾಲಿಗೆ ಅಲ್ಲಿ ಬಾಗಿಲಿಲ್ಲ. ಕೆಎಸ್‌ಐಐಡಿಸಿ ಮತ್ತು ಕೇಂದ್ರ ವಿಮಾನಯಾನ ಸಚಿವಾಲಯಗಳಿಗೇ ಬರೆಯಬೇಕು. ಬರೆಯುವಾಗ ‘ವಿಮಾನ ಸೇವೆ ಸುಧಾರಿಸಿ’ ಎಂಬ ಸಾಮಾನ್ಯ ಮನವಿಯಿಂದ ಫಲವಿಲ್ಲ. ಗೋಪುರ ಸೇವೆಯ ಒಪ್ಪಂದದ ಅವಧಿ ಎಷ್ಟು, ವಾರ್ಷಿಕ ವೆಚ್ಚವೆಷ್ಟು, ಸೋಗಾನೆಗೆ ಗಗನ್ ಆಧಾರಿತ ಇಳಿತದ ನಕ್ಷೆ ಯಾವ ಹಂತದಲ್ಲಿದೆ, ಉಡಾನ್ ರಿಯಾಯಿತಿ ಮುಗಿದ ಮಾರ್ಗಗಳಿಗೆ ಶುಲ್ಕ ಯಾವ ದರದಲ್ಲಿ ಎಂದು ಬಿಡಿಬಿಡಿಯಾಗಿ ಕೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿಮಾನ ರದ್ದಾದ, ಹಿಂದಿರುಗಿದ ದಿನಗಳನ್ನೂ ಅದರಿಂದ ತಪ್ಪಿದ ವ್ಯವಹಾರವನ್ನೂ ಸದಸ್ಯರು ತಾರೀಖು ಸಹಿತ ಬರೆದಿಟ್ಟು ಸಂಸ್ಥೆಯ ಕಚೇರಿಗೆ ಕಳುಹಿಸಿದಲ್ಲಿ ಆ ಪಟ್ಟಿಯನ್ನು ಪತ್ರದೊಡನೆ ಲಗತ್ತಿಸಬಹುದು.